ಎಂಜಿನ್ನಿನ ಉಸಿರು

ಯಂತ್ರಗಳ ನಡುವೆ ಬಾಳುವವರ ಕಿವಿಗೆ ಒಂದು ವಿಚಿತ್ರವಾದ ಅಭ್ಯಾಸವಿರುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಕೇಳಿಸುವುದೇ ಇಲ್ಲ. ಅದು ನಿಂತಾಗಲೇ ಅವರು ಏನಾಯಿತೆಂದು ತಲೆಯೆತ್ತುತ್ತಾರೆ. ಬಸ್ಸಿನ ಚಾಲಕನು ಪ್ರಯಾಣಿಕರ ಗದ್ದಲದ ನಡುವೆಯೂ ಚಕ್ರದ ಬಳಿಯ ಸಣ್ಣದೊಂದು ಕಿರುಗುಟ್ಟುವಿಕೆಯನ್ನು ಗುರುತಿಸಬಲ್ಲನು. ಪರಿಚಿತವಾದ ಸದ್ದು ಮೌನಕ್ಕೆ ಸಮಾನ. ಅದರೊಳಗೆ ಹೊಸದಾಗಿ ಬಂದು ಸೇರಿಕೊಂಡ ಸದ್ದು ಮಾತ್ರ ಮನಸ್ಸನ್ನು ಕೊರೆಯುತ್ತದೆ. ಅಂಥ ಸದ್ದಿನ ಮೇಲೆ ಸಿಡುಕುವುದು ಸುಲಭ. ಅದು ಏನನ್ನು ಹೇಳುತ್ತಿದೆಯೆಂದು ಕಿವಿಗೊಟ್ಟು ಕೇಳುವುದು ಅಷ್ಟು ಸುಲಭವಲ್ಲ.

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಇತಿಹಾಸದಲ್ಲಿ ಹೆಸರಾದ ಊರು. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಪಾಳೆಯಗಾರನಾದ ಗಂಗರಾಜನು ವಿಜಯನಗರಕ್ಕೆ ತಲೆಬಾಗಲು ಒಪ್ಪಲಿಲ್ಲ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ತನ್ನ ಮೊದಮೊದಲ ದಂಡಯಾತ್ರೆಗಳಲ್ಲೊಂದನ್ನು ಇವನ ಮೇಲೆಯೇ ಕೈಗೊಂಡು ಶಿವನಸಮುದ್ರದ ಕೋಟೆಯನ್ನು ವಶಪಡಿಸಿಕೊಂಡನು. ಆ ಸೇನೆಗಳ ಸದ್ದಡಗಿ ಐದು ಶತಮಾನಗಳು ಕಳೆದಿವೆ. ಇಂದು ಇಲ್ಲಿಯ ಹೋರಾಟವೆಲ್ಲ ನೀರಿಗಾಗಿ. ಕಪಿಲೆಯೂ ಕಾವೇರಿಯೂ ಈ ಸೀಮೆಗೆ ತೀರ ದೂರದವಲ್ಲ. ಆದರೂ ಹೊಲದಲ್ಲಿ ನಿಂತ ರೈತನಿಗೆ ಆಕಾಶವೇ ಗತಿ. ಮಳೆ ಕೈಕೊಟ್ಟರೆ ನೆಲದೊಳಗಿನ ನೀರನ್ನು ಮೇಲೆತ್ತಬೇಕು. ಆದುದರಿಂದ ನೀರೆತ್ತುವ ಯಂತ್ರವು ಇಲ್ಲಿಯ ಮನೆಗಳಲ್ಲಿ ಎತ್ತುಗಳಷ್ಟೇ ಅಕ್ಕರೆಯ ಆಸ್ತಿ.

ಊರಾಚೆಯ ಹೊಲದಲ್ಲಿ ಮನೆ ಕಟ್ಟಿಕೊಂಡಿದ್ದ ರೈತನೊಬ್ಬನ ಬಳಿ ಅಂಥ ಒಂದು ಯಂತ್ರವಿತ್ತು. ಐದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನು. ವಿದ್ಯುತ್ತು ಬಂದ ಹೊತ್ತಿನಲ್ಲಿ ಕೊಳವೆಬಾವಿಯ ನೀರು ಹೊಂಡಕ್ಕೆ ಬಂದು ಬೀಳುತ್ತಿತ್ತು. ಅಲ್ಲಿಂದ ಮೇಲಿನ ಹೊಲದ ಅರಿಶಿನಕ್ಕೆ ನೀರು ಹರಿಸಲು ಈ ಎಂಜಿನೇ ಬೇಕು. ಆ ವರ್ಷ ಹಿಂಗಾರು ಬೇಗನೆ ಹಿಂದೆ ಸರಿದಿತ್ತು. ಗೆಡ್ಡೆ ದಪ್ಪವಾಗುವ ಕಾಲ. ವಾರವೊಂದು ನೀರು ತಪ್ಪಿದರೂ ವರ್ಷದ ದುಡಿಮೆ ಮಣ್ಣುಪಾಲಾದೀತು. ಆತನು ನಸುಕಿನಲ್ಲಿಯೇ ಎದ್ದು ಎಂಜಿನನ್ನು ಹೊರಡಿಸುತ್ತಿದ್ದನು.

ಅದೇ ದಿನಗಳಲ್ಲಿ ಎಂಜಿನಿನ ಗುಡುಗುಡು ಸದ್ದಿನ ನಡುವೆ ತೆಳುವಾದ ಒಂದು ಸಿಳ್ಳು ಹುಟ್ಟಿಕೊಂಡಿತು. ಮೊದಲ ದಿನ ಅದು ಇದೆಯೋ ಇಲ್ಲವೋ ಎಂಬಂತಿತ್ತು. ಹದಿನೈದು ದಿನಗಳಲ್ಲಿ ಅದು ಗಾಳಿ ಒಳಗೆ ಹೋಗುವ ಕಡೆಯಿಂದ ಎಡೆಬಿಡದೆ ಬರುವ, ಕಿವಿಯನ್ನು ಇರಿಯುವ ಕೂಗಾಯಿತು. ನೆರೆಹೊಲದವರು ನಗೆಯಾಡಿದರು. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಪುಸ್ತಕವನ್ನೆತ್ತಿಕೊಂಡು ಮನೆಯ ಹಿತ್ತಿಲಿಗೆ ಹೋದಳು. ಎಲ್ಲರಿಗಿಂತ ಹೆಚ್ಚು ನೊಂದವಳು ಆತನ ಮುದಿತಾಯಿ. ಬಹುಕಾಲದಿಂದ ಗೂರಲಿನಿಂದ ಬಳಲುತ್ತಿದ್ದ ಆಕೆಗೆ ಬೆಳಗಿನ ಜಾವದ ಒಂದೆರಡು ಗಂಟೆಯೇ ನಿದ್ದೆಯ ಹೊತ್ತು. ಆ ಸಿಳ್ಳು ಕಿವಿಗೆ ಬಿದ್ದೊಡನೆ ಆಕೆ ಎದ್ದು ಗೋಡೆಗೊರಗಿ ಕುಳಿತುಬಿಡುತ್ತಿದ್ದಳು.

ತಾಯಿಯ ಅವಸ್ಥೆಯನ್ನು ನೋಡಲಾರದೆ ಆತನು ತನಗೆ ತೋಚಿದ ಉಪಾಯವನ್ನು ಮಾಡಿದನು. ಹಳೆಯ ಪಂಚೆಯ ತುಂಡೊಂದನ್ನು ಮುದ್ದೆಮಾಡಿ, ಎಂಜಿನು ಗಾಳಿ ಸೆಳೆದುಕೊಳ್ಳುವ ಬಾಯಿಗೆ ಅದುಮಿದನು. ಸಿಳ್ಳು ಉಡುಗಿತು. ಆದರೆ ಅರ್ಧ ಗಳಿಗೆಯೊಳಗೆ ಹೊಗೆ ಕಪ್ಪಾಯಿತು. ಎಂಜಿನು ಏದುಸಿರು ಬಿಡುವ ಎತ್ತಿನಂತೆ ಮುಗ್ಗರಿಸತೊಡಗಿತು. ಕಾಲುವೆಗೆ ಬೀಳುವ ನೀರಿನ ಧಾರೆ ಸಣ್ಣದಾಯಿತು.

ಹೀಗಾದದ್ದು ಸಹಜವೇ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಈ ಬಗೆಯ ಎಂಜಿನಿನಲ್ಲಿ ಬೆಂಕಿ ಹೊತ್ತಿಸಲು ಕಿಡಿಯಿಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತುತ್ತದೆ. ಒತ್ತಡದಿಂದ ಕಾದ ಗಾಳಿಯೊಳಕ್ಕೆ ಎಣ್ಣೆ ತುಂತುರಾಗಿ ಬಿದ್ದೊಡನೆ ತಾನಾಗಿ ಉರಿಯುತ್ತದೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನು ಎರಡು ಸುತ್ತಿಗೊಮ್ಮೆಯಂತೆ 750 ಸಲ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಪ್ರತಿಸಲವೂ ಅರ್ಧ ಲೀಟರಿನಷ್ಟು ಗಾಳಿಯೆಂದರೂ ನಿಮಿಷಕ್ಕೆ 375 ಲೀಟರ್ ಆಯಿತು. ರೈತನು ತಾನು ಕೊಂಡು ತರುವ ಡೀಸೆಲಿನ ಲೆಕ್ಕವನ್ನು ಇಡುತ್ತಾನೆ. ಪುಕ್ಕಟೆಯಾಗಿ ಬರುವ ಈ ಗಾಳಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಬಟ್ಟೆಯ ಸಂಗತಿಯನ್ನು ಕೇಳಿ ಮುದುಕಿ ಮಗನನ್ನು ಕರೆದಳು.

“ಗೂರಲು ಬಂದವರ ಬಾಯಿಗೆ ಯಾರಾದರೂ ಬಟ್ಟೆ ತುರುಕ್ತಾರಾ ಮಗ? ಉಸಿರಿಗೆ ಎಲ್ಲಿ ಏನು ಅಡ್ಡ ಬಂದದೆ ಅಂತ ನೋಡಬೇಕು ಕನಪ್ಪ. ನನಗೆ ನಿದ್ದೆ ಹೋದರೆ ಹೋಗಲಿ, ಅದರ ಉಸಿರು ಕಟ್ಟಬೇಡ.”

ಆತನು ಮರುಮಾತಾಡದೆ ಹೋಗಿ ಬಟ್ಟೆಯನ್ನು ಕಿತ್ತು ತೆಗೆದನು.

ಮರುದಿನ ನೆರೆಯವನೊಬ್ಬನು ಇನ್ನೊಂದು ಸಲಹೆಯಿತ್ತನು: “ಆ ಡಬ್ಬಿಯಿಂದಲೇ ಈ ಗೋಳು. ಅದನ್ನೇ ಬಿಚ್ಚಿ ಹಾಕು.” ಡಬ್ಬಿಯೆಂದರೆ ಗಾಳಿಯನ್ನು ಶುದ್ಧಗೊಳಿಸುವ ಏರ್ ಕ್ಲೀನರ್. ಆತನು ಅದನ್ನೂ ಅದಕ್ಕೂ ಎಂಜಿನಿಗೂ ನಡುವಿದ್ದ ರಬ್ಬರ್ ಪೈಪನ್ನೂ ಬಿಚ್ಚಿಟ್ಟನು. ಸಿಳ್ಳು ನಿಜವಾಗಿಯೂ ನಿಂತಿತು. ಅದರ ಬದಲಿಗೆ, ಬಾಯಾರಿದ ಕೋಣವು ಕೆರೆಯಲ್ಲಿ ನೀರು ಹೀರಿದಂತೆ, ಗಟ್ಟಿಯಾದ ಗುಟುಕಿನ ಸದ್ದು ಹೊರಟಿತು. ಹೊಂಡದ ಸುತ್ತಲಿನ ಧೂಳು ಆ ತೆರೆದ ಬಾಯಿಯತ್ತ ಸುಳಿಯುತ್ತಿತ್ತು.

ಸಂತೇಮರಹಳ್ಳಿಯಿಂದ ಬಂದ ಮೆಕ್ಯಾನಿಕ್ಕು ಇದನ್ನು ಕಂಡವನೇ ಎಂಜಿನನ್ನು ನಿಲ್ಲಿಸಿದನು. ಹಿರಿಯ ಮನುಷ್ಯ, ಯೌವನದಲ್ಲಿ ಹಲವು ವರ್ಷ ಮಲ್ಪೆಯ ಬಂದರಿನಲ್ಲಿ ಮೀನುಗಾರಿಕೆಯ ದೋಣಿಗಳ ಎಂಜಿನುಗಳನ್ನು ರಿಪೇರಿ ಮಾಡಿದ್ದವನು. ಆತನು ಕೋಪಿಸಿಕೊಳ್ಳಲಿಲ್ಲ. ಬಿಚ್ಚಿಟ್ಟಿದ್ದ ಡಬ್ಬಿಯ ತಳದ ಬಟ್ಟಲನ್ನು ಕಳಚಿ ಹುಡುಗಿಯ ಮುಂದೆ ಹಿಡಿದನು. ಅದರಲ್ಲಿದ್ದ ಎಣ್ಣೆ ಕೆಸರಿನಂತೆ ಗಟ್ಟಿಯಾಗಿತ್ತು.

“ನೋಡು ಮಗ, ಈ ಮಣ್ಣೆಲ್ಲ ಎಂಜಿನಿನ ಹೊಟ್ಟೆಗೆ ಹೋಗಬೇಕಾಗಿತ್ತು. ಈ ಬಟ್ಟಲು ತಡೆದು ನಿಲ್ಲಿಸಿದೆ.”

ಆ ಡಬ್ಬಿಯ ರಚನೆ ಸರಳವಾದುದು. ಗಾಳಿಯು ನಡುವಿನ ಕೊಳವೆಯ ಮೂಲಕ ಕೆಳಗಿಳಿದು ಎಣ್ಣೆಯ ಮೇಲೆ ಬಡಿದು ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಹಗುರವಾದ ಗಾಳಿ ತಿರುಗುತ್ತದೆ. ಭಾರವಾದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದ ನಯವಾದ ಧೂಳನ್ನು ಎಣ್ಣೆ ಸವರಿದ ತಂತಿಯ ಜಾಲರಿ ಹಿಡಿಯುತ್ತದೆ. ಬಟ್ಟಲಿನಲ್ಲಿ ಎಣ್ಣೆ ಗುರುತಿನ ಮಟ್ಟಕ್ಕಿರಬೇಕು. ಕಡಿಮೆಯಾದರೆ ಧೂಳು ನಿಲ್ಲದು. ಹೆಚ್ಚಾದರೆ ಎಣ್ಣೆಯೇ ಸಿಲಿಂಡರಿಗೆ ಸೇರಿ ಎಂಜಿನು ಅಂಕೆ ತಪ್ಪಿ ಓಡಬಹುದು. ಧೂಳು ಒಳಹೊಕ್ಕರೆ ಅದು ಪಿಸ್ಟನ್ನಿನ ರಿಂಗುಗಳ ನಡುವೆ ಸಾಣೆಯ ಪುಡಿಯಂತೆ ಕೆಲಸಮಾಡಿ ಲೋಹವನ್ನು ಸವೆಸುತ್ತದೆ. ಗಾಳಿಯನ್ನು ಒತ್ತುವ ಶಕ್ತಿ ಕುಂದುತ್ತದೆ. ಕೆಲವೇ ಕಾಲದಲ್ಲಿ ಎಂಜಿನು ಹಳೆಯ ಕಬ್ಬಿಣದ ತೂಕಕ್ಕೆ ಹೋಗುತ್ತದೆ.

“ಹಾಗಾದರೆ ಡಬ್ಬಿ ತೆಗೆದಾಗ ಬೇರೆ ಸದ್ದು ಬಂತಲ್ಲ ಮಾವ, ಅದೇಕೆ?” ಎಂದು ಹುಡುಗಿ ಕೇಳಿದಳು.

ಎಂಜಿನು ಗಾಳಿಯನ್ನು ನದಿಯ ಪ್ರವಾಹದಂತೆ ಸಮನಾಗಿ ಎಳೆಯುವುದಿಲ್ಲ. ಗುಟುಕು ಗುಟುಕಾಗಿ ಎಳೆಯುತ್ತದೆ. ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ವಾಲ್ವು ತೆರೆದು ಮುಚ್ಚುತ್ತದೆ. ನುಗ್ಗಿ ಬರುತ್ತಿದ್ದ ಗಾಳಿ ಮುಚ್ಚಿದ ಬಾಗಿಲಿಗೆ ಬಡಿದಂತಾಗಿ ಕಂಪಿಸುತ್ತದೆ. ಆ ಕಂಪನ ತೆರೆದ ಬಾಯಿಯಿಂದ ನೇರವಾಗಿ ಹೊರಬಿದ್ದರೆ ಗುಟುಕಿನ ಸದ್ದಾಗುತ್ತದೆ. ದಾರಿಯಲ್ಲಿ ಅಗಲವಾದ ಹೊಟ್ಟೆಯ ಪಾತ್ರೆಯೊಂದಿದ್ದರೆ ಅದು ಅಲ್ಲಿ ಹರಡಿಕೊಂಡು ಮೆತ್ತಗಾಗುತ್ತದೆ. ಬರಿಯ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದು ಸ್ವರ ಹೊರಡುವುದನ್ನೂ, ನೀರು ತುಂಬಿದಷ್ಟೂ ಆ ಸ್ವರ ಏರುವುದನ್ನೂ ಮಕ್ಕಳೆಲ್ಲರೂ ಬಲ್ಲರು. ಪಾತ್ರೆಯ ಹೊಟ್ಟೆಗೂ ಕೊರಳಿಗೂ ಸ್ವರಕ್ಕೂ ಇರುವ ಈ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಆಳವಾಗಿ ಅಭ್ಯಾಸಮಾಡಿದನು. ಎಂಜಿನುಗಳ ಉಸಿರಿನ ಸದ್ದನ್ನು ತಗ್ಗಿಸುವ ಪೆಟ್ಟಿಗೆಗಳಲ್ಲಿ ಇಂದಿಗೂ ಬಳಕೆಯಾಗುವುದು ಅದೇ ತಿಳಿವಳಿಕೆ. ಹೀಗೆ ಆ ಡಬ್ಬಿ ಧೂಳನ್ನು ಹಿಡಿಯುತ್ತದೆ, ಸದ್ದನ್ನೂ ನುಂಗುತ್ತದೆ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ಡಬ್ಬಿಯನ್ನೂ ಪೈಪನ್ನೂ ತೆಗೆದಾಗ ಸಿಳ್ಳು ನಿಂತಿತು. ಹಾಗಿದ್ದರೆ ಸಿಳ್ಳು ಹುಟ್ಟುವುದು ಎಂಜಿನಿನಲ್ಲಿ ಅಲ್ಲ. ಈ ಎರಡರಲ್ಲಿ ಒಂದರಲ್ಲಿ.”

ಮೆಕ್ಯಾನಿಕ್ಕಿನ ಮುಖ ಅರಳಿತು. ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಎಂಜಿನನ್ನು ಹೊರಡಿಸಿದನು. ಒಂದು ಮೊಳ ಉದ್ದದ ರಬ್ಬರ್ ಕೊಳವೆಯನ್ನು ಹುಡುಗಿಯ ಕೈಗಿತ್ತು, ಜಡೆಯನ್ನು ಸುತ್ತಿ ಕಟ್ಟಿಕೊಂಡು, ತಿರುಗುವ ಚಕ್ರದಿಂದ ದೂರದಲ್ಲಿ ನಿಂತು ಆಲಿಸುವಂತೆ ಹೇಳಿದನು. ಕೊಳವೆಯ ಒಂದು ತುದಿ ಆಕೆಯ ಕಿವಿಯಲ್ಲಿ. ಇನ್ನೊಂದು ತುದಿ ಡಬ್ಬಿಯ ಸುತ್ತ, ಪೈಪಿನ ಉದ್ದಕ್ಕೆ ಮೆಲ್ಲನೆ ಸರಿಯಿತು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿಮಾಡಿ ರೋಗಿಯ ಎದೆಯ ಸದ್ದನ್ನು ಕೇಳಿದುದೂ ಹೀಗೆಯೇ; ವೈದ್ಯರ ಸ್ಟೆತೊಸ್ಕೋಪು ಹುಟ್ಟಿದುದು ಅಲ್ಲಿಂದ. ಪೈಪಿನ ಕೆಳಮಗ್ಗುಲಿಗೆ ಬಂದಾಗ ಹುಡುಗಿ ಬೆಚ್ಚಿದಂತೆ ತಲೆ ಹಿಂದಕ್ಕೆಳೆದಳು. ಅಲ್ಲಿ ಸಿಳ್ಳು ಕಿವಿ ತುಂಬುವಷ್ಟಿತ್ತು.

ಮೆಕ್ಯಾನಿಕ್ಕು ಸೋಪಿನ ನೊರೆಯನ್ನು ಅಲ್ಲಿ ಸವರಿದನು. ನೊರೆ ಒಂದೇ ಕಡೆ ಒಳಕ್ಕೆ ಸೆಳೆದುಕೊಂಡು ಹೋಯಿತು. ಕ್ಷಣಕಾಲ ಸಿಳ್ಳು ತಡೆದು ಮತ್ತೆ ಹೊರಟಿತು. ಒದ್ದೆ ಹೆಬ್ಬೆರಳನ್ನು ಅಲ್ಲಿಟ್ಟರೆ ಮೌನ, ತೆಗೆದರೆ ಸಿಳ್ಳು. ಕೊಳಲಿನ ರಂಧ್ರದ ಮೇಲೆ ಬೆರಳಾಡಿಸಿದಂತೆ ಹುಡುಗಿಯೂ ಎರಡು ಸಲ ಆಡಿಸಿ ನೋಡಿದಳು. ಪೈಪನ್ನು ಬಿಗಿಯಲು ಯಾವಾಗಲೋ ಸುತ್ತಿದ್ದ ಕಬ್ಬಿಣದ ತಂತಿ ರಬ್ಬರನ್ನು ಕೊರೆದು, ಉಗುರಿನಷ್ಟು ಉದ್ದದ ಸೀಳು ಬಿದ್ದಿತ್ತು. ಮೇಲಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಬಟ್ಟಲಿನ ಎಣ್ಣೆ ಕೆಸರಾಗಿ ಸರಿಯಾದ ದಾರಿ ಕಟ್ಟಿದಂತೆಲ್ಲ ಎಂಜಿನು ಈ ಕಳ್ಳದಾರಿಯಿಂದ ಹೆಚ್ಚು ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ದಿನದಿನಕ್ಕೆ ಸಿಳ್ಳು ಏರಿದುದಕ್ಕೆ ಕಾರಣ ಅದು. ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಬೆರಳಿಗೆ ನಯವಾದ ಧೂಳು ಹತ್ತಿತು.

“ಈ ಸಿಳ್ಳು ನಿಮ್ಮ ಉಪಕಾರಕ್ಕೆ ಬಂದದ್ದು,” ಎಂದನು ಮೆಕ್ಯಾನಿಕ್ಕು. “ಸದ್ದಿಲ್ಲದೆ ಸೀಳಿದ್ದರೆ ಈ ಬೇಸಿಗೆಯೊಳಗೆ ಎಂಜಿನು ಮುಗಿದುಹೋಗುತ್ತಿತ್ತು.”

ರಿಪೇರಿ ದೊಡ್ಡದೇನೂ ಆಗಿರಲಿಲ್ಲ. ಹೊಸ ರಬ್ಬರ್ ಪೈಪು, ತಂತಿಯ ಬದಲಿಗೆ ಎರಡು ಅಗಲವಾದ ಕ್ಲಿಪ್ಪುಗಳು, ಡೀಸೆಲಿನಲ್ಲಿ ತೊಳೆದು ಒಣಗಿಸಿದ ಜಾಲರಿ, ಬಟ್ಟಲಿಗೆ ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ. ಕೆಲಸ ಮುಗಿಸಿ ಕೈ ತೊಳೆಯುತ್ತ ಮೆಕ್ಯಾನಿಕ್ಕು ಮಲ್ಪೆಯ ದಿನಗಳನ್ನು ನೆನೆದುಕೊಂಡನು. ದೋಣಿಯಲ್ಲಿ ಎಂಜಿನು ಜನರ ಕಾಲ ಬುಡದಲ್ಲಿಯೇ ಇರುತ್ತದೆ. ಕಡಲಿನಲ್ಲಿ ಧೂಳಿಲ್ಲವಾದರೂ ಉಪ್ಪಿನ ಹನಿಯಿದೆ. ಮುಚ್ಚಿದ ಅಟ್ಟಣೆಯಡಿ ಉಸಿರಿನ ಸದ್ದು ಇಮ್ಮಡಿಯಾಗಿ ಕೇಳುತ್ತದೆ. ಸದ್ದು ತಡೆಯಲಾರದೆ ಗಾಳಿಯ ಬಾಯಿಗೆ ಸ್ಪಂಜು ತುರುಕುವವರು ಅಲ್ಲಿಯೂ ಇದ್ದರು. ಸ್ಪಂಜು ಎಣ್ಣೆ ಕುಡಿದು ಚೂರಾಗಿ ಎಂಜಿನಿನೊಳಕ್ಕೆ ಹೋಗುತ್ತಿತ್ತು. “ಹೊಲದಲ್ಲಿ ಎಂಜಿನು ನಿಂತರೆ ಪೈರು ಒಣಗುತ್ತದೆ, ಕಡಲಿನಲ್ಲಿ ನಿಂತರೆ ದಡವೇ ಸಿಗದು. ಎಲ್ಲಿಯಾದರೂ ಅಷ್ಟೆ, ಗಾಳಿಯ ದಾರಿ ಕಟ್ಟಬಾರದು, ದಾರಿ ತಪ್ಪಲೂ ಬಿಡಬಾರದು,” ಎಂದು ಹೇಳಿ ಆತನು ಸ್ಪಾನರುಗಳನ್ನು ಚೀಲಕ್ಕೆ ಸೇರಿಸಿದನು.

ಮನುಷ್ಯನಿಗೆ ಬೇಸರ ತರುವ ಸದ್ದುಗಳು ಲೋಕದಲ್ಲಿ ಹಲವು. ಅಳುವ ಮಗು, ನರಳುವ ರೋಗಿ, ಅನ್ಯಾಯವಾಯಿತೆಂದು ಕೂಗುವ ಬಡವ—ಇವರ ದನಿ ಕೇಳುವವರಿಗೆ ಹಿತವಾಗಿರುವುದಿಲ್ಲ. ಬಾಯಿ ಮುಚ್ಚಿಸಿದರೆ ಸದ್ದು ನಿಲ್ಲಬಹುದು, ನೋವು ನಿಲ್ಲದು. ಸದ್ದು ಹುಟ್ಟುವ ಜಾಗವನ್ನು ತಾಳ್ಮೆಯಿಂದ ಹುಡುಕಿ ಹೋದವರಿಗೆ ಅಲ್ಲಿ ಉಗುರಿನಷ್ಟು ಸೀಳು ಕಂಡೀತು. ಅದನ್ನು ಮುಚ್ಚುವುದಕ್ಕೆ ಬೇಕಾದುದು ಬಹಳ ಸಲ ಒಂದು ತುಂಡು ರಬ್ಬರು, ಒಂದು ಗಳಿಗೆಯ ಗಮನ.

ಮರುದಿನ ನಸುಕಿನಲ್ಲಿ ಎಂಜಿನು ಹೊರಟಿತು. ಸದ್ದೇನೋ ಇತ್ತು, ಆದರೆ ಅದು ಹಳೆಯ, ಪರಿಚಿತವಾದ ಗುಡುಗುಡು ಸದ್ದು. ನೀರು ಕಾಲುವೆಯ ಉದ್ದಕ್ಕೂ ಹರಿದು ಅರಿಶಿನದ ಪಾತಿಗಳನ್ನು ಸೇರಿತು. ರೈತನು ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ನೋಡಿದನು. ಮಗಳು ಬಾಗಿಲಲ್ಲಿ ನಿಂತು, ಸುಮ್ಮನಿರಬೇಕೆಂದು ತುಟಿಗೆ ಬೆರಳಿಟ್ಟು ಸನ್ನೆಮಾಡಿದಳು. ಒಳಗೆ ಮುದುಕಿ ನಿದ್ದೆಹೋಗಿದ್ದಳು.