ಅಟ್ಟದಿಂದ ಇಳಿದು ಬರುವ ಹೊಸ ಪುಸ್ತಕ

ಧಾರವಾಡದ ಮಳೆಗೂ ಓದಿಗೂ ಹಳೆಯ ನಂಟು. ಜಿಟಿಜಿಟಿ ಹಿಡಿದರೆ ಬೇಗ ಬಿಡದು. ಮನೆಯಲ್ಲಿ ಕುಳಿತವರ ಕೈ ಹೊಸ ಪುಸ್ತಕ ಹುಡುಕುತ್ತದೆ. ಅದಕ್ಕೆ ಊರಿನಲ್ಲೊಂದು ಹೆಸರಾಂತ ವಿಳಾಸವುಂಟು: ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. ಸಾಹಿತ್ಯಪ್ರಿಯರ ಬಾಯಲ್ಲಿ ಅದು ಬರೀ ‘ಅಟ್ಟ’.

‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಈ ಮಾಲೆಯನ್ನು ಆರಂಭಿಸಿದರು. ಅವರು ನೆಚ್ಚಿದ್ದು ಚಂದಾದಾರರನ್ನು. ಓದುಗರು ಹಣವನ್ನು ಮೊದಲೇ ಕಟ್ಟುವುದು, ವರ್ಷದ ಪುಸ್ತಕಗಳು ಅವರ ಮನೆ ಸೇರುವುದು. ಯಾರ ಪುಸ್ತಕ, ಎಂಥದು ಎಂಬ ಆಯ್ಕೆ ಪ್ರಕಾಶಕರದು.

ಈ ನಂಬಿಕೆಯ ಫಲ ಉಂಡವರು ಹೊಸಬರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಆಗ ಅವರಿಗಿನ್ನೂ ಇಪ್ಪತ್ಮೂರರ ಪ್ರಾಯ. ದೂರದ ಶಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್ ಅವರ ಮೊದಲ ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಇದೇ ಅಟ್ಟದಿಂದ ಇಳಿದು ಬಂತು. ಹೆಸರು ನೋಡಿ ಕೊಳ್ಳುವ ಅಂಗಡಿಯಲ್ಲಾಗಿದ್ದರೆ ಇವು ಎಷ್ಟು ದಿನ ಧೂಳು ತಿನ್ನುತ್ತಿದ್ದವೋ!

ಜೋಶಿಯವರು 1993ರಲ್ಲಿ ತೀರಿಕೊಂಡ ಮೇಲೆ ಮಗ ರಮಾಕಾಂತ ಜೋಶಿ ಮಾಲೆಯನ್ನು ಮುಂದುವರಿಸಿದರು. ಈಗ ಹೊಸ ಪುಸ್ತಕದ ಸುದ್ದಿ ಮೊಬೈಲಿಗೇ ಬರುತ್ತದೆ. ಮುಖಪುಟ, ಬೆಲೆ, ನಾಲ್ಕು ಮೆಚ್ಚುಗೆಯ ಮಾತು ನೋಡಿ ತರಿಸಿಕೊಳ್ಳಬಹುದು. ಅನುಕೂಲವೇನೋ ಹೌದು. ಆದರೆ ಎಲ್ಲರೂ ಗೊತ್ತಿರುವ ಹೆಸರನ್ನೇ ಹುಡುಕಿದರೆ, ಗೊತ್ತಿಲ್ಲದವರ ಮೊದಲ ಪುಸ್ತಕಕ್ಕೆ ದಾರಿ ಎಲ್ಲಿ? ಈ ಮಳೆಗಾಲದ ಪಟ್ಟಿಯಲ್ಲಿ ಹೆಸರೇ ಕೇಳಿರದ ಒಬ್ಬರಿಗೂ ಜಾಗವಿರಲಿ.