ಅಪ್ಪ ಬಿಟ್ಟುಹೋದ ಮಷೀನು

ಸಣ್ಣ ಪೇಟೆಗಳಲ್ಲಿ ಮರಗೆಲಸದ ಅಂಗಡಿಯ ಮುಂದೆ ಹಾದುಹೋದವರಿಗೆಲ್ಲ ಆ ಸದ್ದು ಪರಿಚಿತ. ಮೊದಲು ಗುಂಯ್ ಎಂದು ಏರುತ್ತದೆ, ಹಲಗೆ ತಗುಲಿದೊಡನೆ ಕಿರುಚುತ್ತದೆ, ಹಲಗೆ ದಾಟಿದ ಮೇಲೆ ಮತ್ತೆ ಗುಂಯ್‌ಗೆ ಇಳಿಯುತ್ತದೆ. ಬಡಗಿಗಳ ಬಾಯಲ್ಲಿ ಅದು ‘ಮಲ್ಟಿಪರ್ಪಸ್’. ಎರಕದ ಕಬ್ಬಿಣದ ಒಂದೇ ಮೈ, ಒಂದೇ ಮೋಟಾರು, ಒಂದೇ ಶಾಫ್ಟು. ಶಾಫ್ಟಿನ ನಡುವೆ ಹತ್ತರಿ ಹೊಡೆಯುವ ಅಲಗುಗಳು, ಒಂದು ತುದಿಗೆ ದುಂಡು ಗರಗಸ, ಇನ್ನೊಂದು ತುದಿಗೆ ತೂತು ಕೊರೆಯುವ ಚಕ್ಕು. ಮೂರು ಯಂತ್ರ ಕೊಳ್ಳಲು ದುಡ್ಡೂ ಇಲ್ಲದ, ಕೊಂಡರೆ ಇಡಲು ಜಾಗವೂ ಇಲ್ಲದ ಕಸುಬುದಾರನಿಗೆ ಇದೊಂದು ವರ. ವರದ ಜೊತೆಗೆ ಶರತ್ತುಗಳೂ ಇರುತ್ತವೆ. ಅವನ್ನು ಯಾರೂ ಮೊದಲೇ ಹೇಳುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಒಬ್ಬ ಬಡಗಿ 1986ರಲ್ಲಿ ಇಂಥ ಯಂತ್ರವೊಂದನ್ನು ಸಾಲ ಮಾಡಿ ತಂದರು. 33 ವರ್ಷ ಅದರಲ್ಲೇ ಬಾಗಿಲು, ಕಿಟಕಿ, ಮಂಚ ಮಾಡಿದರು. 2019ರಲ್ಲಿ ಅವರು ತೀರಿಕೊಂಡಾಗ ಯಂತ್ರ ಮಗನ ಪಾಲಿಗೆ ಬಂತು. ಮಗ ಬಡಗಿಯಲ್ಲ, ಸಹಕಾರ ಸಂಘವೊಂದರ ಗುಮಾಸ್ತ. ಮೂರು ವರ್ಷ ಅದು ಗೋಣಿತಾಟಿನ ಕೆಳಗೆ ತುಕ್ಕು ಹಿಡಿಯುತ್ತ ಕೂತಿತ್ತು. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಕೇಳಿ ಹೋದ. ‘ಕೊಟ್ಟುಬಿಡು’ ಎಂದರು ತಾಯಿ.

ತಾಯಿಗೆ ಹಾಗೆ ಹೇಳಲು ಕಾರಣವಿತ್ತು. 1994ರ ಮಳೆಗಾಲದ ಒಂದು ಮಧ್ಯಾಹ್ನ ಅಲಗಿನ ಬಾಯಿಗೆ ಚಕ್ಕೆಯೊಂದು ಸಿಕ್ಕಿಕೊಂಡ ಹೊತ್ತಿಗೇ ಕರೆಂಟು ಹೋಯಿತು. ಅರ್ಧ ಗಂಟೆ ಕಾದರೂ ಬರಲಿಲ್ಲ. ಸುಮ್ಮನೆ ಕೂರುವ ಬದಲು ಚಕ್ಕೆಯನ್ನಾದರೂ ತೆಗೆಯೋಣವೆಂದು ಯಜಮಾನರು ಕೈ ಹಾಕಿದರು. ಗೋಡೆಯ ಮೇಲಿನ ಹಿಡಿಕೆಯ ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು. ಕರೆಂಟು ಬಂತು. ಬಲಗೈಯ ಎರಡು ಬೆರಳುಗಳು ಅರ್ಧಕ್ಕೆ ನಿಂತವು. ಗಾಯ ಮಾಗಿದ ಮೇಲೆ ಅವರು ಅದೇ ಯಂತ್ರಕ್ಕೆ, ಅದೇ ಸ್ವಿಚ್ಚಿಗೆ ಮರಳಿದರು. ಇನ್ನೂ 25 ವರ್ಷ ದುಡಿದರು. ಇದನ್ನು ಧೈರ್ಯ ಎನ್ನುವವರಿದ್ದಾರೆ. ಸ್ವಿಚ್ಚು ಬದಲಿಸುವುದು ಅದಕ್ಕಿಂತ ಸುಲಭವಿತ್ತು.

2022ರಲ್ಲಿ ಬಾಡಿಗೆಯ ಆ ಹಳೇ ಕೊಟ್ಟಿಗೆಯನ್ನು ಬಿಡಬೇಕಾಗಿ ಬಂದಾಗ ಮಗ ಯಂತ್ರವನ್ನು ಮಾರಲಿಲ್ಲ. ತಂದೆ ಕುಯ್ಯಿಸಿ ಅಟ್ಟದಲ್ಲಿ ಒಣಗಲಿಟ್ಟಿದ್ದ ಹಲಸಿನ ಹಲಗೆಗಳಿದ್ದವು. ಮನೆಯ ಹಿಂಬಾಗಿಲು ಗೆದ್ದಲು ತಿಂದಿತ್ತು. ಬಾಗಿಲನ್ನು ತಾನೇ ಮಾಡುತ್ತೇನೆಂದು ಆತ ಹೊರಟ. ತಾಯಿ ವಾದಕ್ಕೆ ನಿಲ್ಲಲಿಲ್ಲ. ‘ಆ ಸ್ವಿಚ್ಚು ಮಾತ್ರ ಈ ಮನೆಗೆ ಬರಕೂಡದು’ ಎಂದರು.

ಅದರ ಬದಲಿಗೆ ಬಂದದ್ದು ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರು. ಅದರೊಳಗಿನ ತಂತ್ರ ಬಹಳ ಸರಳ. ಹಸಿರು ಗುಂಡಿ ಒತ್ತಿದರೆ ಒಂದು ವಿದ್ಯುತ್ಕಾಂತ ಜೀವ ಪಡೆದು ಸಂಪರ್ಕದ ಫಲಕಗಳನ್ನು ಎಳೆದು ಹಿಡಿಯುತ್ತದೆ. ಹಿಡಿದಿರಲು ಅದಕ್ಕೆ ಬೇಕಾದ ಕರೆಂಟು ಅದೇ ತಂತಿಯಿಂದಲೇ ಬರಬೇಕು. ಕರೆಂಟು ಹೋದರೆ ಕಾಂತ ಸಾಯುತ್ತದೆ, ಸ್ಪ್ರಿಂಗು ಫಲಕಗಳನ್ನು ದೂಡಿ ಬಿಡಿಸುತ್ತದೆ. ಕರೆಂಟು ಮರಳಿ ಬಂದರೂ ಯಾರಾದರೂ ಹಸಿರು ಗುಂಡಿಯನ್ನು ಮತ್ತೆ ಒತ್ತುವ ತನಕ ಯಂತ್ರ ಮಿಸುಕುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿಬರುವ ಊರುಗಳಲ್ಲಿ ಇದು ಬೆರಳಿನ ಬೆಲೆಯ ವಸ್ತು. ಆದರೂ ಚಕ್ಕೆ ತೆಗೆಯುವ ಮುನ್ನ ಮೈನ್ ಸ್ವಿಚ್ಚನ್ನೂ ಇಳಿಸಬೇಕೆಂಬುದು ಮಗ ಹಾಕಿಕೊಂಡ ಕಟ್ಟಳೆ. ನೆಲಕ್ಕೆ ಅರ್ಥಿಂಗ್ ಕೂಡ ಹೊಸದಾಗಿ ಆಯಿತು. ಹಳೆಯದರ ತಂತಿ ಎಂದೋ ತುಂಡಾಗಿತ್ತು.

ಯಂತ್ರ ಸಾಗಿಸುವ ದಿನ ಇನ್ನೊಂದು ವಿಷಯ ಬೆಳಕಿಗೆ ಬಂತು. ಹಳೇ ಕೊಟ್ಟಿಗೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂಬಿಯಿಲ್ಲದ ಒಂದು ಪುಟ್ಟ ಕಿಟಕಿಯಿತ್ತು. ಗಾಳಿಗೆಂದು ಮಾಡಿಸಿದ್ದಿರಬೇಕು ಎಂದೇ ಎಲ್ಲರೂ ತಿಳಿದಿದ್ದರು. ಯಂತ್ರವನ್ನು ಹೊಸ ಜಾಗದಲ್ಲಿ ಎಲ್ಲಿ ಕೂರಿಸಬೇಕೆಂದು ಟೇಪು ಹಿಡಿದು ಅಳೆಯುವಾಗ ಗುಟ್ಟು ಬಯಲಾಯಿತು. ಏಳು ಅಡಿಯ ಬಾಗಿಲಪಟ್ಟಿಗೆ ಹತ್ತರಿ ಹೊಡೆಯಬೇಕಾದರೆ ಯಂತ್ರದ ಮುಂದೆ ಏಳು ಅಡಿ, ಹಿಂದೆ ಏಳು ಅಡಿ, ನಡುವೆ ಯಂತ್ರದ ಮೇಜಿನದೇ ನಾಲ್ಕೂವರೆ ಅಡಿ, ಒಟ್ಟು ಹದಿನೆಂಟೂವರೆ. ಹಳೇ ಕೊಟ್ಟಿಗೆಗೆ ಅಷ್ಟು ಉದ್ದವಿರಲಿಲ್ಲ. ಹಲಗೆಯು ಬಾಗಿಲಿನಿಂದ ಒಳಬಂದು ಆ ಕಿಟಕಿಯಿಂದ ಹೊರಹೋಗುತ್ತಿತ್ತು! ತಂದೆ ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೆಂದು ಅವರಿಗೆ ಅನ್ನಿಸಿಯೂ ಇರಲಾರದು. ಹೊಸ ಶೆಡ್ಡು ಹದಿನಾಲ್ಕು ಅಡಿ. ಮಗ ಮೊದಲು ಯಂತ್ರವನ್ನು ಬಾಗಿಲ ನೇರಕ್ಕೆ ನಿಲ್ಲಿಸಿದ, ಆಮೇಲೆ ಎದುರು ಗೋಡೆಯನ್ನು ಅದೇ ಎತ್ತರಕ್ಕೆ ಒಡೆಸಿದ.

ಕೂರಿಸುವ ಕೆಲಸ ಎರಡು ಭಾನುವಾರ ತಿಂದಿತು. ರಸಮಟ್ಟ ಇಟ್ಟು, ಕಾಲುಗಳ ಕೆಳಗೆ ತಗಡಿನ ಚೂರು ಕೊಟ್ಟು, ನಾಲ್ಕೂ ಕಾಲು ಸಮನಾಗಿ ಊರಿದ ಮೇಲೆಯೇ ಬೋಲ್ಟು ಬಿಗಿದದ್ದು. ಊರದ ಕಾಲನ್ನು ಬೋಲ್ಟಿನಿಂದ ಎಳೆದು ಕೂರಿಸಿದರೆ ಕಬ್ಬಿಣವೂ ತಿರುಚಿಕೊಳ್ಳುತ್ತದೆ. ಆಮೇಲೆ ಹಲಗೆ ನೇರ ಬರಲಿಲ್ಲವೆಂದು ಅಲಗನ್ನು ಬೈದು ಪ್ರಯೋಜನವಿಲ್ಲ. ಮೇಜಿನ ತುಕ್ಕಿಗೆ ಸೀಮೆಎಣ್ಣೆ, ಎಮರಿ ಕಾಗದ, ಕೊನೆಗೆ ಮೇಣ. ಮೂರು ಫೇಸಿನ ಮೋಟಾರಿಗೆ ತಂತಿ ಕೊಟ್ಟಾಗ ಬೆಲ್ಟು ಹಾಕದೆ ತಿರುಗಿಸಿ ನೋಡಿದ್ದು ಒಳ್ಳೆಯದೇ ಆಯಿತು, ಅದು ತಿರುಗುಮುರುಗಾಗಿ ತಿರುಗಿತು. ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಸರಿಯಾಗುತ್ತದೆ.

ಇನ್ನು ವೇಗ. ಮೋಟಾರು ನಿಮಿಷಕ್ಕೆ 2880 ಸುತ್ತು. ಅದರ ಪುಲ್ಲಿ ಆರು ಇಂಚು, ಶಾಫ್ಟಿನದು ನಾಲ್ಕು. ಹಾಗಾಗಿ ಶಾಫ್ಟಿಗೆ 4320 ಸುತ್ತು. ಹತ್ತಿಂಚಿನ ಗರಗಸದ ಹಲ್ಲು ಆಗ ಸೆಕೆಂಡಿಗೆ ಸುಮಾರು 57 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಹೈಸ್ಕೂಲಿನ ಗಣಿತ ಬಲ್ಲವರು ಲೆಕ್ಕ ಹಾಕಿ ನೋಡಬಹುದು. ಸೀಳಿದ ಮರ ಹಿಂದಿನಿಂದ ಕೂಡಿಕೊಂಡು ಗರಗಸವನ್ನು ಕಚ್ಚಿದರೆ, ಹಲಗೆಯು ಹೆಚ್ಚುಕಡಿಮೆ ಆ ವೇಗದಲ್ಲೇ ಕೆಲಸಗಾರನ ಹೊಟ್ಟೆಯ ಕಡೆಗೆ ಹಾರುತ್ತದೆ. ಹಾಗಾಗದಂತೆ ಗರಗಸದ ಹಿಂದೆ ಒಂದು ಉಕ್ಕಿನ ಪಟ್ಟಿ ನಿಂತಿರಬೇಕು. ಅದು ಗರಗಸದ ತಟ್ಟೆಗಿಂತ ದಪ್ಪ, ಹಲ್ಲು ಕೊರೆದ ಸೀಳಿಗಿಂತ ತೆಳು. ತಂದೆ ಅದನ್ನು ಅಡ್ಡಿಯೆಂದು ಕಳಚಿ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಬಿಸಾಡಿರಲಿಲ್ಲ ಎನ್ನುವುದೇ ಸಮಾಧಾನ.

ಒಂದೇ ಶಾಫ್ಟು ಎಂಬುದರ ಶರತ್ತು ಇಲ್ಲೇ ಇರುವುದು. ಗರಗಸದಲ್ಲಿ ಕುಯ್ಯುವಾಗ ಪಕ್ಕದಲ್ಲಿ ಹತ್ತರಿಯ ಅಲಗೂ ಅಷ್ಟೇ ವೇಗದಲ್ಲಿ, ಯಾರಿಗೂ ಬೇಡವಾಗಿ ತಿರುಗುತ್ತಿರುತ್ತದೆ. ಅದು ಕಣ್ಣಿಗೆ ಬರೀ ಮಂಜಿನಂತೆ ಕಾಣುತ್ತದೆ. ಕೈ ಊರಲು ಜಾಗವೆಂದು ಭ್ರಮಿಸುವಷ್ಟು ಸಪಾಟು. ಅದಕ್ಕೆ ಮರೆಯಾಗಿ ಪ್ಲೈವುಡ್ಡಿನ ಮುಚ್ಚಳವೊಂದು ತಯಾರಾಯಿತು.

ಅಲಗುಗಳ ಕತೆ ಮಾತ್ರ ಸ್ವಾರಸ್ಯವಾದದ್ದು. ಎದುರುಬದುರಾಗಿ ಕೂರುವ ಎರಡು ಅಲಗುಗಳ ತೂಕ ಸಮನಾಗಿರಬೇಕು. ಸಾಣೆ ಹಿಡಿಯುವಾಗ ಒಂದು ಹೆಚ್ಚು ಸವೆದು ಒಂದೇ ಒಂದು ಗ್ರಾಂ ವ್ಯತ್ಯಾಸ ಬಂದರೂ, ಐದು ಸೆಂಟಿಮೀಟರ್ ತ್ರಿಜ್ಯದಲ್ಲಿ ಆ ವೇಗಕ್ಕೆ ಸುಮಾರು ಒಂದು ಕಿಲೋ ತೂಕದಷ್ಟು ಎಳೆತ ಹುಟ್ಟುತ್ತದೆ, ಅದೂ ಸೆಕೆಂಡಿಗೆ 72 ಸಲ ದಿಕ್ಕು ಬದಲಿಸುತ್ತ. ಬೇರಿಂಗು ಹಾಳಾಗುವುದು ಹೀಗೆ. ತಂದೆ ಅಲಗುಗಳನ್ನು ಪೇಟೆಯ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸುತ್ತಿದ್ದುದು ತಾಯಿಗೆ ನೆನಪಿತ್ತು. ಮಗನೂ ಅಲ್ಲಿಗೇ ಹೋದ. ಬಂಗಾರದ ತಕ್ಕಡಿಯ ಜಾಗದಲ್ಲಿ ಈಗ ಬ್ಯಾಟರಿಯ ಯಂತ್ರವಿದೆ, ಆದರೆ ಹಳೆಯ ಗಿರಾಕಿಯ ಮಗನೆಂದು ಕಾಸು ತೆಗೆದುಕೊಳ್ಳಲಿಲ್ಲ.

ಅಲಗಿನ ಎತ್ತರ ಹೊಂದಿಸಲು ದುಬಾರಿ ಸಲಕರಣೆ ಬೇಕಿಲ್ಲ. ಹಿಂದಿನ ಮೇಜಿನ ಮೇಲೆ ನೇರವಾದ ಮರದ ಪಟ್ಟಿ ಇಟ್ಟು, ಮೈನ್ ಇಳಿಸಿ, ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ಅಲಗು ಪಟ್ಟಿಯನ್ನು ತುಸುವೇ ಮುಂದೆ ಒಯ್ಯುತ್ತದೆ. ಎರಡೂ ಅಲಗುಗಳು, ಎರಡೂ ತುದಿಗಳಲ್ಲಿ, ಒಂದೇ ದೂರ ಒಯ್ದರೆ ಸರಿ. ಮೂರು ಮಿಲಿಮೀಟರ್ ಸಾಕು. ಮೇಜಿನ ಅಂಚಿನಲ್ಲಿ ತಂದೆ ಕೊರೆದಿದ್ದ ಎರಡು ಸಣ್ಣ ಗೀರುಗಳ ನಡುವಿನ ಅಂತರವೂ ಅಷ್ಟೇ ಇತ್ತು.

ಬಿಡಿಭಾಗಗಳು ಹಾರ್ಲಿಕ್ಸ್ ಶೀಶೆ, ಬಿಸ್ಕತ್ತಿನ ಡಬ್ಬಿಗಳಲ್ಲಿದ್ದವು. ಮಗ ಅವನ್ನು ಗೋಡೆಯ ಹಲಗೆಯ ಮೇಲೆ ಕೆಲಸದ ಪ್ರಕಾರ ಜೋಡಿಸಿದ. ಗರಗಸದ್ದು ಗರಗಸದ ಬದಿಗೆ, ಚಕ್ಕಿನದು ಚಕ್ಕಿನ ಬದಿಗೆ. ಒಂದು ಹಿತ್ತಾಳೆಯ ಬುಷ್ಷು ಮಾತ್ರ ಎಲ್ಲಿಗೂ ಕೂರಲಿಲ್ಲ. ಅದಿದ್ದ ಡಬ್ಬಿಯ ಮೇಲೆ ತಂದೆಯ ಕೈಬರಹದಲ್ಲಿ ‘ಬೇಕಾಗುತ್ತೆ’ ಎಂದಿದೆ.

ಎಲ್ಲ ಮುಗಿದ ಮೇಲೆ ತಾಯಿ ಶೆಡ್ಡಿನ ಹೊಸ್ತಿಲಿಗೆ ಬಂದು ನಿಂತರು. ಮಗ ಹಸಿರು ಗುಂಡಿ ಒತ್ತಿದ. ಸದ್ದು ಏರಿತು. ತಾಯಿ ತಾವೇ ಮೈನ್ ಸ್ವಿಚ್ಚು ಇಳಿಸಿದರು, ಶಾಫ್ಟು ಪೂರ್ತಿ ನಿಲ್ಲುವ ತನಕ ಕಾದರು, ಮತ್ತೆ ಏರಿಸಿದರು. ಯಂತ್ರ ಸುಮ್ಮನಿತ್ತು. ಇನ್ನೊಮ್ಮೆ ಹಾಗೆಯೇ ಮಾಡಿಸಿದರು. ಮೂರನೆಯ ಸಲವೂ. ಆಮೇಲೆ ಏನೂ ಹೇಳದೆ ಒಳಗೆ ಹೋದರು.

ಹಲಸಿನ ಮೊದಲ ಪಟ್ಟಿ ಗೋಡೆಯ ಕಂಡಿಯಿಂದ ಹೊರಬಿದ್ದಾಗ ಆಚೆ ಒಣಹಾಕಿದ್ದ ಸೀರೆಗೆ ಚುಚ್ಚಿಕೊಂಡಿತು. ಬಟ್ಟೆಯ ಹಗ್ಗವನ್ನು ಈಗ ಬಾವಿಯ ಕಡೆಗೆ ಕಟ್ಟಿದ್ದಾರೆ.