ಹಿಮದಲ್ಲಿ ವಿವೇಕವೇ ಕವಚ

ಮೈಸೂರಿನ ದೇವರಾಜ ಮೊಹಲ್ಲಾದವರಿಗೆ ಚಳಿಯೆಂದರೆ ಧನುರ್ಮಾಸದ ಮುಂಜಾವಿನ ಮಂಜು. ಒಂದು ಶಾಲು, ಒಂದು ಲೋಟ ಬಿಸಿ ಕಾಫಿ ಅದಕ್ಕೆ ಸಾಕು. ಹಿಮವನ್ನು ಅಲ್ಲಿನ ಮಕ್ಕಳು ಕಾಣುವುದು ಭೂಗೋಳದ ಪುಸ್ತಕದಲ್ಲಿ. ಆದರೂ ಕನ್ನಡ ನಾಡಿನ ತರುಣರು ಸೈನಿಕರಾಗಿಯೂ ಚಾರಣಿಗರಾಗಿಯೂ ಹಿಮಾಲಯವನ್ನೇರುತ್ತಿದ್ದಾರೆ. ಆದುದರಿಂದ ಹಿಮದ ಸ್ವಭಾವವನ್ನು ಅರಿಯುವುದು ನಮ್ಮವರಿಗೂ ಅವಶ್ಯಕವಾದ ವಿದ್ಯೆಯೇ ಆಗಿದೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ ಜೀವಂತವಾಗಿ ದೊರೆತರು. ನಾಡೆಲ್ಲ ಪ್ರಾರ್ಥಿಸಿತು, ಆದರೆ ಫೆಬ್ರವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮಡಿದವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ ಅವರೂ ಇದ್ದರು. ಕರ್ತವ್ಯದ ಕರೆಗೆ ಓಗೊಟ್ಟು ನಿಂತ ಯೋಧನಿಗೆ ಹಿಂದಿರುಗುವ ಆಯ್ಕೆಯಿರಲಿಲ್ಲ.

ಚಾರಣಿಗನಿಗೆ ಆ ಆಯ್ಕೆಯುಂಟು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದ ಚಾರಣಿಗರಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿ, ಒಂಬತ್ತು ಜನ ಅಸುನೀಗಿದರು. ಅದು ಬೇಸಿಗೆಯ ಕಾಲ ಎಂಬುದನ್ನು ಮರೆಯಲಾಗದು. ಎತ್ತರದ ಬೆಟ್ಟಗಳಿಗೆ ನಮ್ಮ ಪಂಚಾಂಗ ತಿಳಿಯದು.

ಅಲ್ಲಿ ಕೊಲ್ಲುವುದು ಬರಿಯ ಶೀತವಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದ ಶೀತ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅಪಾಯ ಆರಂಭವಾಗುತ್ತದೆ. ಮೊದಲು ನಡುಕ, ಬಳಿಕ ತೊದಲು ಮಾತು, ತಡವರಿಸುವ ಹೆಜ್ಜೆ, ಮಂಕಾದ ಬುದ್ಧಿ. ನಡುಕ ನಿಂತಿತೆಂದರೆ ಚೇತರಿಕೆಯೆಂದು ಭ್ರಮಿಸಬಾರದು. ಅದು ಉಲ್ಬಣದ ಸೂಚನೆ. ಅಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ನೆಲದ ತಣ್ಪು ತಾಗದಂತೆ ಮಲಗಿಸಬೇಕು. ಎಚ್ಚರವಿದ್ದು ನುಂಗಬಲ್ಲವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಮದ್ಯ ಸಲ್ಲದು, ಮರಗಟ್ಟಿದ ಕೈಕಾಲುಗಳನ್ನು ಉಜ್ಜಲೂಬಾರದು.

ಎತ್ತರವನ್ನು ನಿಧಾನವಾಗಿ ಏರಬೇಕು. 3,000 ಮೀಟರಿನ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದಿರುವುದು ಲೇಸು. ತಲೆನೋವು, ವಾಕರಿಕೆ ಹೆಚ್ಚಿದರೆ ಇಳಿಯುವುದೇ ಔಷಧ. ಗುಂಪನ್ನು ಅಗಲಬಾರದು. ಹಿಮ ಕುಸಿದು ಸಂಗಡಿಗರು ಹೂತರೆ, ಉಳಿದವರು ತಾವೇ ಒಡನೆ ಅಗೆಯಬೇಕು. ಮೊದಲ ಕೆಲವು ನಿಮಿಷಗಳಲ್ಲೇ ಪ್ರಾಣದ ನಿರ್ಣಯ.

ಶಿಖರವನ್ನು ಮುಟ್ಟಿದವರನ್ನು ಶಾಲೆಗಳು ಸನ್ಮಾನಿಸುತ್ತವೆ; ಅದು ಯೋಗ್ಯವೇ. ಆದರೆ ಮೋಡವನ್ನು ಕಂಡು, ಸಂಗಡಿಗನ ಬಳಲಿಕೆಯನ್ನರಿತು, ಅರ್ಧದಾರಿಯಿಂದ ಎಲ್ಲರನ್ನೂ ಕ್ಷೇಮವಾಗಿ ಮನೆಗೆ ಕರೆತಂದವನ ಕೊರಳಿಗೂ ಒಂದು ಹಾರ ಬೀಳಲಿ. ಬೆಟ್ಟ ಎಲ್ಲಿಗೂ ಹೋಗದು. ಮಗನ ದಾರಿ ಕಾಯುವ ತಾಯಿಗೆ ಮಗನೇ ಶಿಖರ.